ಎರಡನೇ ಲೋಟದ ಕಹಿ

ನಮ್ಮೂರಲ್ಲಿ ಸಿಹಿ ಅವರವರದು, ಹುಳಿ ಅವರವರದು, ಉಪ್ಪು ಖಾರ ಅವರವರ ಮನೆಯ ಅಡುಗೆಯವರಿಗೆ ಬಿಟ್ಟದ್ದು. ಕಹಿ ಮಾತ್ರ ಊರಿನದು. ಗಡಿಕಲ್ಲಿನ ಈಚೆಗೆ ಯಾರೊಬ್ಬರ ಬಾಯಿಗೆ ಕಹಿ ಬಿದ್ದರೂ ಅದು ಎಲ್ಲರ ನಾಲಿಗೆಗೂ ಬರುತ್ತದೆ. ಹಾಗಾಗಿ ಬೆಳಗಿನ ಕಾಫಿಯನ್ನು ಊರಿಗೆ ಊರೇ ಆರು ಗಂಟೆ ಹತ್ತು ನಿಮಿಷಕ್ಕೆ ಕುಡಿಯುತ್ತದೆ. ಹಾಗಲಕಾಯಿ ಗುರುವಾರ ಮಧ್ಯಾಹ್ನ ಮಾತ್ರ. ಮಾತ್ರೆಗಳನ್ನು ಬಾಳೆಹಣ್ಣಿನೊಳಗೆ ಹುದುಗಿಸಿ ನುಂಗಬೇಕು. ಮಗುವಿಗೆ ಹಾಲು ಬಿಡಿಸಲು ತಾಯಿ ಬೇವು ಅರೆದು ಹಚ್ಚಿಕೊಳ್ಳುವ ದಿನ ಮೊದಲೇ ಬೀದಿಬೀದಿಗೆ ಹೇಳಿಕಳಿಸುತ್ತಾರೆ. ಆದರೂ ಆ ಹೊತ್ತಿಗೆ ಕೋರ್ಟಿನಲ್ಲಿ ವಾದ ಮಾಡುತ್ತಿರುವ ವಕೀಲರು ಮಾತು ನಿಲ್ಲಿಸಿ, ಎದೆಯಿಂದ ಕಿತ್ತ ಕೂಸಿನ ಮುಖ ಮಾಡಿಕೊಳ್ಳುತ್ತಾರೆ. ನ್ಯಾಯಾಧೀಶರೂ ಅದೇ ಮುಖದಲ್ಲಿರುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಅಕಸ್ಮಾತ್ತಾಗಿ ಕಹಿ ಸೌತೆಕಾಯಿ ಕಚ್ಚಿದವರು ತಕ್ಷಣ ಜಗಲಿಗೆ ಬಂದು “ಸೌತೆಕಾಯಿ, ನಂದೇ!” ಎಂದು ಕೂಗಿ ಹೇಳುವುದು ಮರ್ಯಾದೆ. ಕೂಗಿದರೆ ಊರು ಒಂದೆರಡು ಸಲ ಉಗಿದು ಮರೆತುಬಿಡುತ್ತದೆ. ಕೂಗದೆ ಕದ್ದು ತಿಂದವರ ಮನೆಗೆ ಮೂರು ತಿಂಗಳು ಯಾರೂ ಕಾಲಿಡುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯರಿಗೆ ಮೊದಮೊದಲು ಏನೂ ತಿಳಿಯುವುದಿಲ್ಲ. ಒಂದು ತಿಂಗಳೋ ಒಂದೂವರೆ ತಿಂಗಳೋ ಆದ ಮೇಲೆ ಒಂದು ದಿನ, ಕಾಫಿ ಇನ್ನೂ ಕೈಯಲ್ಲಿರುವಾಗಲೇ ಆಕೆ “ಅಯ್ಯೋ, ಬಂತು!” ಎನ್ನುತ್ತಾಳೆ. ಅವತ್ತು ಅತ್ತೆ ಅರಿಸಿನ ಕುಂಕುಮ ಕೊಡುತ್ತಾರೆ, ಮಾವ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೋಗುತ್ತಾರೆ. ಊರಿನ ಕಹಿ ಬಾಯಿಗೆ ಬರದವರು ಊರಿನವರಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದೇ ಇರುವುದರಿಂದ ತಿದ್ದುಪಡಿಗೂ ದಾರಿಯಿಲ್ಲ.

ಎಲ್ಲರಿಗೂ ಒಂದೇ ಕಹಿ ಒಂದೇ ಹೊತ್ತಿಗೆ ಬರುವಾಗ ಅದು ಎಷ್ಟು ಕಹಿ ಎಂದು ಹೇಳಲು ಒಬ್ಬರು ಬೇಕೇ ಎಂದು ಹೊರಗಿನವರು ಕೇಳುತ್ತಾರೆ. ಎಲ್ಲರಿಗೂ ಬರುವುದರಿಂದಲೇ ಬೇಕು. ನಾಲ್ಕು ಸಾವಿರ ಜನರಿಗೆ ನಾಲ್ಕು ಸಾವಿರ ಅಭಿಪ್ರಾಯ. ಮೆಂತ್ಯ ಮೂರೋ ನಾಲ್ಕೋ ಎಂಬ ವಿಷಯದಲ್ಲಿ ಹಿಂದೆ ಎರಡು ಮದುವೆ ಮುರಿದಿವೆಯಂತೆ. ಆದ್ದರಿಂದ ಹಿರಿಯರು ಪೇಟೆಯ ಹಳೇ ಚಾವಡಿಯಲ್ಲಿ ಒಂದು ಕುರ್ಚಿ ಹಾಕಿ, ಅದರಲ್ಲಿ ಕೂತು ರುಚಿ ನೋಡಿದವರು ಹತ್ತರಲ್ಲಿ ಎಷ್ಟೆಂದು ಹೇಳಿದರೋ ಅಷ್ಟೇ ಸೈ ಎಂದು ತೀರ್ಮಾನಿಸಿದರು. ಹೊರಗಿನ ಕಂಪನಿಗಳೂ ತಮ್ಮ ಕೆಮ್ಮಿನ ಔಷಧಿ, ಚಾಕೊಲೇಟು, ಟಾನಿಕ್ಕುಗಳನ್ನು ನಮ್ಮಲ್ಲಿಗೇ ಕಳಿಸಿ ಪ್ರಮಾಣ ಪಡೆಯುತ್ತವೆ.

ಆ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷದಿಂದ ಪಂಕಜಾಕ್ಷಮ್ಮನವರು ಕೂತಿದ್ದಾರೆ. ಅವರು ಹೇಳಿದ್ದನ್ನು ಹತ್ತೊಂಬತ್ತು ವರ್ಷದಿಂದ ಬರೆಯುತ್ತಿರುವ ಗುಮಾಸ್ತ ನಾನು, ಮರುಳಸಿದ್ಧಯ್ಯ. ನನ್ನ ಕೆಲಸಕ್ಕೆ ಬೇಕಾದ ಅರ್ಹತೆ ಅಕ್ಷರಕ್ಕಿಂತ ಮುಖ. ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲ. ನನ್ನ ಮದುವೆಯ ಫೋಟೋ ನೋಡಿದವರು ಯಾರು ತೀರಿಕೊಂಡರು ಎಂದು ಕೇಳಿದ್ದಿದೆ. ಬರೆಯುವವನ ಮುಖ ನೋಡಿ ತೀರ್ಪು ಬದಲಾಗಬಾರದೆಂದು ನನ್ನನ್ನೇ ಆರಿಸಿದ್ದರು.

ಆಷಾಢದಲ್ಲಿ ಒಂದು ದಿನ, ಬಾರಿನ ಕುಶಾಲಪ್ಪ ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ಚಾವಡಿಗೆ ಬಂದ. ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಮೂರು ಪುಟ್ಟ ಬಾಟಲಿ, ಒಂದು ಪತ್ರ, ಅರಗು ಒತ್ತಿದ ಒಂದು ಲಕೋಟೆ.

“ಸ್ವಿಟ್ಜರ್ಲೆಂಡಿಂದ ಅಮ್ಮ,” ಎಂದ. “ಆಬ್ಸಿಂತ್ ಅಂತ. ಹಸಿರು ಮದ್ಯ. ನಮ್ಮ ಮಾಚಿಪತ್ರೆ ಇದೆಯಲ್ಲ, ಅದರ ದೊಡ್ಡಪ್ಪನ ಮಗ ಇದ್ದ ಹಾಗೆ ಒಂದು ಗಿಡ, ಅದನ್ನ ಸೋಂಪಿನ ಜೊತೆ ನೆನೆಹಾಕಿ ಭಟ್ಟಿ ಇಳಿಸ್ತಾರಂತೆ. ಈಗ ಹೊಸದೊಂದು ಮಾಡಿದಾರೆ. ಹಳೇದಕ್ಕಿಂತ ಎಷ್ಟು ಕಹಿ ಅಂತ ನೀವೇ ಹೇಳ್ಬೇಕಂತೆ. ನಿಮ್ಮ ಮಾತನ್ನ ಬಾಟಲಿ ಮೇಲೇ ಅಚ್ಚು ಹಾಕಿಸ್ತಾರಂತೆ!”

ಪಂಕಜಾಕ್ಷಮ್ಮನವರು ಪತ್ರವನ್ನು ನನ್ನಿಂದ ಓದಿಸಿದರು. ಬಾಟಲಿಗಳ ಮೇಲೆ ಒಂದು, ಎರಡು, ಮೂರು ಎಂಬ ಅಂಕೆಯಷ್ಟೇ ಇರುತ್ತದೆ. ಯಾವುದು ಯಾವುದೆಂದು ಲಕೋಟೆಯಲ್ಲಿದೆ. ತೀರ್ಪು ಹೇಳಿದ ಮೇಲೆಯೇ ಅದನ್ನು ಒಡೆಯಬೇಕು. ಒಂದು ಪಾಲಿಗೆ ಮೂರು ಪಾಲು ತಣ್ಣೀರನ್ನು ತೊಟ್ಟುತೊಟ್ಟಾಗಿ ಬೆರೆಸಬೇಕು. ಕೊನೆಯದಾಗಿ, ರುಚಿ ನೋಡುವವರು ಪರದೆಯ ಹಿಂದೆ ಕೂರಬೇಕು. ಅವರಿಗೆ ಯಾರ ಮುಖವೂ ಕಾಣಬಾರದು. ಬರೆಯುವವನು ಕೂಡ ಅವರಿಗೆ ಬೆನ್ನು ಹಾಕಿ ಕೂರಬೇಕು, ಬಾಯಿ ಬಿಡಬಾರದು.

“ಪರದೆ ಯಾಕಂತೆ?” ಎಂದರು.

“ಅವರಲ್ಲಿ ಅದೇ ಪದ್ಧತಿಯಂತೆ,” ಎಂದ ಕುಶಾಲಪ್ಪ. “ಅಧ್ಯಕ್ಷರೂ ಒಪ್ಪಿದಾರೆ. ನಾಡಿದ್ದು ಮಂಗಳವಾರ, ಹತ್ತು ಗಂಟೆಗೆ.”

ಪುರಸಭೆಯ ಅಧ್ಯಕ್ಷರೆಂದರೆ ಹಾಲಪ್ಪಶೆಟ್ಟರು. ಪೇಟೆಯ ದೊಡ್ಡ ಮಿಠಾಯಿ ಅಂಗಡಿ ಅವರದು. ಪಂಕಜಾಕ್ಷಮ್ಮನವರಿಗೆ ಅರವತ್ತೇಳಾಯಿತು, ಇನ್ನು ವಿಶ್ರಾಂತಿ ಕೊಡಬೇಕು ಎಂದು ಅವರು ಎರಡು ವರ್ಷದಿಂದ ಭಾಷಣಗಳಲ್ಲಿ ಕಾಳಜಿ ತೋರಿಸುತ್ತಿದ್ದರು. ಹಾಗಲಕಾಯಿಗೆ ವಾರಕ್ಕೆ ಒಂದೇ ದಿನ ಸಾಲದು, ಬೆಳೆಗಾರರಿಗೆ ಅನ್ಯಾಯವಾಗುತ್ತದೆ ಎಂದು ಅವರು ಕೊಟ್ಟ ಅರ್ಜಿಯನ್ನು ಪಂಕಜಾಕ್ಷಮ್ಮನವರು ಎರಡು ಸಲ ತಳ್ಳಿಹಾಕಿದ್ದರು. ಮಿಠಾಯಿಯವರಿಗೆ ಹಾಗಲದ ಮೇಲೆ ಇದೇನು ಮಮತೆ ಎಂದು ಆಗ ಯಾರೂ ಯೋಚಿಸಲಿಲ್ಲ.

ಕುಶಾಲಪ್ಪ ಹೋದ ಮೇಲೆ ಪಂಕಜಾಕ್ಷಮ್ಮನವರು ಚಾವಡಿಯ ಬಾಗಿಲು ಮುಂದಕ್ಕೆ ದೂಡಿ ಬಂದು ಕೂತರು.

“ಸಿದ್ಧಯ್ಯ, ಒಂದು ಮಾತು ಹೇಳ್ತೀನಿ. ಮುಖ ಗಿಖ ಮಾಡ್ಬೇಡ. ನೀನು ಹೇಗಿದ್ರೂ ಮಾಡಲ್ಲ ಬಿಡು.”

“ಹೇಳಿ ಅಮ್ಮ.”

“ನಂಗೆ ಕಹಿ ಗೊತ್ತಾಗಲ್ಲ. ಹೋದ್ವರ್ಷದ ಹಿಂದಿನ ವರ್ಷ ಜ್ವರ ಬಂತು ನೋಡು, ಅವಾಗಿಂದ. ನಾನು ತಿಂದಿದ್ದೂ ಗೊತ್ತಾಗಲ್ಲ, ಊರು ತಿಂದಿದ್ದೂ ಬರಲ್ಲ. ಹೋದ ಶ್ರಾವಣದಲ್ಲಿ ಯಾರೂ ಒಪ್ಕೊಳ್ದೆ ಇದ್ದ ಸೌತೆಕಾಯಿ ಒಂದಿತ್ತಲ್ಲ, ಎದುರು ಮನೆ ಸಾವಂತ್ರಿ ಮೇಲೆ ಹೊರಿಸಿ ಗಲಾಟೆ ಆಯ್ತಲ್ಲ?”

“ಹೌದು.”

“ಅದು ನಂದೇ.”

ನಾನು ಲೇಖನಿಗೆ ಮುಚ್ಚಳ ಹಾಕಿದೆ. ಎರಡು ವರ್ಷದಲ್ಲಿ ಅವರು ಕೊಟ್ಟ ನೂರ ಹನ್ನೊಂದು ತೀರ್ಪುಗಳನ್ನು ನನ್ನ ಕೈಯಾರೆ ಬರೆದಿದ್ದೆ. ಒಂದಕ್ಕೂ ಊರಿನಲ್ಲಿ ತಕರಾರು ಬಂದಿರಲಿಲ್ಲ.

“ಮತ್ತೆ ಹೇಗೆ ಹೇಳ್ತಿದ್ರಿ?”

“ಅದೇನು ಮಹಾ ವಿದ್ಯೆ? ನಾನು ಬಾಯಿಗೆ ಹಾಕಿದ ಕೂಡ್ಲೇ ಎದುರಿಗೆ ಕೂತ ಜನಕ್ಕೆ ಬರುತ್ತಲ್ಲ! ಮುಖ ನೋಡ್ತಿದ್ದೆ. ಕ್ಷೌರದ ಮುನಿಯಪ್ಪನ ಎಡಗಣ್ಣು ಸಣ್ಣ ಆದ್ರೆ ಮೂರು. ಎರಡೂ ಕಣ್ಣು ಮುಚ್ಚಿದ್ರೆ ಐದು. ಹೆಡ್ಮಿಸ್ಟ್ರೆಸ್ ಗಲ್ಲ ನಡುಗಿದ್ರೆ ಏಳು. ಆಯಮ್ಮ ಪರ್ಸಿಂದ ಕರ್ಚೀಫು ತೆಗೆದ್ರೆ ಎಂಟರ ಮೇಲೆ. ನಿನ್ನ ಮುಖ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಉಪಯೋಗಕ್ಕೆ ಬರ್ಲಿಲ್ಲ.”

“ಕುರ್ಚಿ ಬಿಟ್ಟುಬಿಡಬಹುದಲ್ಲ ಅಮ್ಮ? ವಯಸ್ಸಾಯ್ತು ಅಂತ ಹೇಳಿ.”

“ಬಿಟ್ರೆ ಏನಾಗುತ್ತೆ? ಹೊಸಬರು ಬರ್ತಾರೆ. ನಾನು ಆ ಕಡೆ ಜನರ ಜೊತೆ ಬೆಂಚಿನ ಮೇಲೆ ಕೂರ್ತೀನಿ. ಎಲ್ರೂ ಮುಖ ಹಿಂಡ್ತಾರೆ, ನಾನು ಕಲ್ಲಿನ ಹಾಗೆ ಕೂತಿರ್ತೀನಿ. ಎಷ್ಟು ದಿನ ಬೇಕು ಗೊತ್ತಾಗೋಕೆ? ಬೆಳಿಗ್ಗೆ ಆರೂ ಹತ್ತಕ್ಕೆ ಊರೆಲ್ಲ ಒಂದೇ ಗುಟುಕು ಕುಡಿಯುತ್ತೆ ಸಿದ್ಧಯ್ಯ. ನಾನು ಒಬ್ಳೇ ಹೊರಗೆ. ನಿನ್ನೆ ಮೊನ್ನೆ ಬಂದ ಸೊಸೇರಿಗೂ ಬರುತ್ತೆ. ಈ ಊರಲ್ಲಿ ಹುಟ್ಟಿ, ಈ ವಯಸ್ಸಲ್ಲಿ, ನೀನು ನಮ್ಮೋಳಲ್ಲ ಅನ್ನಿಸ್ಕೊಳ್ಳಲಾ?”

ಬೆನ್ನ ಹಿಂದೆ ಕೈ ಕಟ್ಟಿಕೊಂಡಾಗ ನನಗೊಂದು ಉಪಾಯ ತೋಚಿತು. ಪತ್ರದಲ್ಲಿ ಮುಖ ಬೇಡ, ಮಾತು ಬೇಡ ಎಂದಿತ್ತು. ಬೆರಳಿನ ಸುದ್ದಿ ಇರಲಿಲ್ಲ. ಅವರ ಕಡೆ ಬೆನ್ನು ಮಾಡಿ ಕೂತು, ಬಾಯಿಗೆ ಬಂದಷ್ಟು ಕಹಿಗೆ ಅಷ್ಟು ಬೆರಳು ಬಿಡಿಸುವುದು ಎಂದಾಯಿತು. ಹತ್ತೊಂಬತ್ತು ವರ್ಷ ಅವರು ಹೇಳಿದ್ದನ್ನು ನಾನು ಬರೆದಿದ್ದೆ. ಈಗ ನಾನು ಹೇಳಿದ್ದನ್ನು ಅವರು ಹೇಳಿ, ಅದನ್ನು ನಾನು ಬರೆಯಬೇಕಾಗಿತ್ತು. ಸರ್ಕಾರಿ ಕೆಲಸದಲ್ಲಿ ಇಂಥದ್ದು ಇಲ್ಲದೇ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಂಗಳವಾರ ಒಂಬತ್ತೂವರೆಗೇ ಚಾವಡಿ ತುಂಬಿತು. ದೇವಸ್ಥಾನದ ಅರ್ಚಕರು ಹಿಂದಿನ ದಿನವೇ ಬಂದು, ಬರುವುದು ಕಹಿಯೊಂದೇ ತಾನೆ, ಮದ್ಯ ಬರುವುದಿಲ್ಲ ತಾನೆ ಎಂದು ಮೂರು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು. ಆದರೂ ಇವತ್ತು ಅವರು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಹಾಲಪ್ಪಶೆಟ್ಟರು ಬೆಳಗಿನ ಜಾವದಿಂದಲೂ ಅಲ್ಲೇ ಇದ್ದು, ಬೆಂಚು ಹಾಕಿಸಿ, ಪರದೆ ಕಟ್ಟಿಸಿ, ದಿನವೂ ಗಡಿಕಲ್ಲಿನಾಚೆಗೆ ಹೋಗುವ ತಮ್ಮ ವಾಕಿಂಗನ್ನೂ ಬಿಟ್ಟಿದ್ದರು. ಪರದೆಯೆಂದರೆ ಅವರದೇ ಮನೆಯ ನವಿಲಿನ ಚಿತ್ರದ ಹೊದಿಕೆ.

“ಊರಿನ ಹೆಸರಿನ ಪ್ರಶ್ನೆ ಪಂಕಜಾಕ್ಷಮ್ಮ,” ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. “ವಯಸ್ಸಾದ ನಾಲಿಗೆ. ತಪ್ಪಾದ್ರೆ ಊರಿಗೆಲ್ಲ ಅಲ್ಲೇ ಗೊತ್ತಾಗಿಬಿಡುತ್ತೆ. ಬೇಕಾದ್ರೆ ಈಗ್ಲೂ ಬೇಡ ಅನ್ಬಹುದು.”

“ನಿಮ್ಮ ನವಿಲು ಚೆನ್ನಾಗಿದೆ ಶೆಟ್ರೆ,” ಎಂದು ಪಂಕಜಾಕ್ಷಮ್ಮನವರು ಪರದೆಯ ಹಿಂದೆ ಹೋದರು. ನಾನೂ ಹೋಗಿ, ಅವರಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತೆ.

ಕುಶಾಲಪ್ಪ ಮೂರು ಲೋಟಗಳಿಗೆ ಬೇರೆಬೇರೆಯಾಗಿ ನೀರು ತೊಟ್ಟಿಕ್ಕಿಸಿ ತಂದಿಟ್ಟು ಹೊರಗೆ ಹೋದ. ಹಸಿರು ಹೋಗಿ, ಎಳನೀರಿಗೆ ಹಾಲು ಬೆರೆಸಿದಂಥ ಬಣ್ಣ ಬಂದಿತ್ತು. ಸೋಂಪಿನ ವಾಸನೆ ಹೋಟೆಲಿನಲ್ಲಿ ಊಟ ಮುಗಿಸಿ ಏಳುವ ಹೊತ್ತನ್ನು ನೆನಪಿಸುತ್ತಿತ್ತು.

ಮೊದಲ ಲೋಟ. ಅವರು ಗುಟುಕರಿಸಿದ ಸದ್ದು ಕೇಳಿತು. ನನ್ನ ನಾಲಿಗೆಯ ಮೇಲೆ ಕಹಿ ಬಂತು. ಹೆದರಿಸುವ ಕಹಿಯಲ್ಲ, ಬಂದು ನಮಸ್ಕಾರ ಹೇಳಿ ಕೂತು, ಮಾತು ಮುಗಿಸಿ ಎದ್ದುಹೋಗುವ ಕಹಿ. ಹೊರಗೆ ಜನ “ಹೂಂ” ಎಂದರು. ನಾನು ಬೆನ್ನ ಹಿಂದೆ ಆರು ಬೆರಳು ಬಿಡಿಸಿದೆ.

“ಒಂದನೇದು, ಆರು,” ಎಂದರು ಪಂಕಜಾಕ್ಷಮ್ಮನವರು ಗಟ್ಟಿಯಾಗಿ. ಹೊರಗೆ ಮೆಚ್ಚುಗೆಯ ಗುಜುಗುಜು. ನಾನು ಬರೆದುಕೊಂಡೆ.

ಬಾಯಿ ತೊಳೆದುಕೊಂಡು, ಹತ್ತು ನಿಮಿಷ ಬಿಟ್ಟು ಎರಡನೇ ಲೋಟಕ್ಕೆ ಕೈ ಹಾಕಿದ ಸದ್ದಾಯಿತು. ಅಷ್ಟರಲ್ಲಿ ನನ್ನ ಬಾಯಿಗೆ ಬಂದದ್ದನ್ನು ಏನೆಂದು ಹೇಳಲಿ! ಗಂಟಲ ಬುಡಕ್ಕೆ ಇಳಿದು ಅಲ್ಲೇ ಮನೆ ಮಾಡಿಕೊಂಡಿತು. ಹೊರಗೆ ಜನ “ಅಯ್ಯಪ್ಪಾ!”, “ಇದೇನ್ರೀ ವಿಷ!” ಎಂದು ಕೂಗಿದರು. ಮೇಲಿನ ಬೀದಿಯಲ್ಲಿ ಯಾವುದೋ ಕೂಸು ಅತ್ತಿತು. ನನ್ನ ಬೆರಳುಗಳು ನನ್ನನ್ನು ಕೇಳದೆ ಒಂಬತ್ತಾದವು.

ಆದರೆ ಪಂಕಜಾಕ್ಷಮ್ಮನವರು ಒಂಬತ್ತು ಎನ್ನಲಿಲ್ಲ. ಏನೂ ಅನ್ನಲಿಲ್ಲ. ಒಂದು ಕ್ಷಣ ಬಿಟ್ಟು ಅವರು ಗುಟುಕರಿಸಿದ ಸದ್ದು ಕೇಳಿತು. ಎರಡನೇ ಗುಟುಕೇನೋ ಎಂದುಕೊಂಡೆ. ನುಂಗಿದ ಸದ್ದು ಮಾತ್ರ ಬರಲೇ ಇಲ್ಲ. ನಾನು ಒಂಬತ್ತು ಬೆರಳನ್ನು ಇನ್ನಷ್ಟು ಚಾಚಿದೆ. ಅವರಿಗೆ ಕಾಣುತ್ತಿಲ್ಲವೇನೋ ಎಂದು ಕೈಯನ್ನು ಮೇಲಕ್ಕೆತ್ತಿದೆ. ಮಾತಿಲ್ಲ. ಮೂಗಿನಿಂದ ಉಸಿರಾಡುವ ಸದ್ದಷ್ಟೇ.

ಒಂದು ನಿಮಿಷವಾಯಿತು. ನನ್ನ ಗಂಟಲಿನ ಕಹಿ ಸ್ವಲ್ಪ ಇಳಿಯಿತು. ಒಪ್ಪಂದದ ಪ್ರಕಾರ ನಾನು ಬೆರಳು ಮಡಿಸುತ್ತ ಹೋದೆ: ಏಳು, ಐದು, ಎರಡು. ನಾಲ್ಕು ನಿಮಿಷಕ್ಕೆ ಎರಡೂ ಕೈ ಮುಷ್ಟಿಯಾಯಿತು. ಆಗ ಹಿಂದಿನಿಂದ ಒಂದು ದೊಡ್ಡ ಗುಟುಕು ನುಂಗಿದ ಸದ್ದು ಬಂತು. ಆಮೇಲೆ ಕೆಮ್ಮು. ಆಮೇಲೆ ಅವರ ದನಿ:

“ಎರಡನೇದರಲ್ಲಿ ಕಹಿಯೇ ಇಲ್ಲ. ಸೊನ್ನೆ.”

ನಾನು ಲೇಖನಿ ಎತ್ತಲಿಲ್ಲ. ಹೊರಗೆ ಸಂತೆಯೇ ಎದ್ದಿತು.

“ಏನಂದ್ರು? ಸೊನ್ನೆನಾ?”

“ಈಗಷ್ಟೇ ನನ್ನ ಬಾಯಿ ಉರಿದುಹೋಯ್ತಲ್ರೀ!”

“ಪಾಪ, ಹೋಯ್ತು. ನಾಲಿಗೆ ಹೋಯ್ತು ಆಯಮ್ಮಂದು.”

“ನಾಲಿಗೆ ಹೋಯ್ತು” ಎಂಬುದು ಬೆಂಚಿನಿಂದ ಬೆಂಚಿಗೆ, ಬಾಗಿಲಿನಿಂದ ಬೀದಿಗೆ ಹೋಗುವುದು ನನಗೆ ಗೋಡೆಯ ಕಡೆ ಕೂತೇ ಕೇಳಿಸುತ್ತಿತ್ತು. ಪಂಕಜಾಕ್ಷಮ್ಮನವರು ಮಾತ್ರ ಏನೂ ಆಗದವರಂತೆ ಮೂರನೇ ಲೋಟ ಎತ್ತಿದರು. ಅದರ ಕಹಿ ಬಂದಾಗ ನಾನು ಎಂಟು ತೋರಿಸಿದೆ. “ಮೂರನೇದು, ಎಂಟು. ಮುಗೀತು, ಲಕೋಟೆ ಒಡೀರಿ,” ಎಂದು ಅವರು ನವಿಲನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದರು. ನಡಿಗೆ ಸ್ವಲ್ಪ ಅಗಲವಾಗಿತ್ತು.

ಹೆಡ್ಮಿಸ್ಟ್ರೆಸ್ ಕರ್ಚೀಫು ಹಿಡಿದುಕೊಂಡೇ ಅವರ ಕೈ ಹಿಡಿದು, “ಕೂತ್ಕೊಳ್ಳಿ ಅಕ್ಕ, ಮನೆಗೆ ಹೋಗೋಣ,” ಎಂದರು, ಹಿರಿಯರಿಗೆ ಬುದ್ಧಿ ಸ್ವಲ್ಪ ಆಚೀಚೆ ಆದಾಗ ಮಾತಾಡುವ ದನಿಯಲ್ಲಿ. ಕುಶಾಲಪ್ಪ ಅಳು ಬರುವ ಮುಖ ಹೊತ್ತು ಅರಗು ಒಡೆದು ಓದಿದ.

“ಒಂದನೇದು, ನಮ್ಮ ಹಳೇ ಆಬ್ಸಿಂತ್. ಮೂರನೇದು, ಹೊಸ ಹಸಿರು, ಕಹಿಗಿಡ ಹೆಚ್ಚಿಸಿದ್ದು. ಎರಡನೇದು...” ಅವನು ನಿಲ್ಲಿಸಿ ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. “ಎರಡನೇದು, ಪರೀಕ್ಷೆಗೋಸ್ಕರ ಕಹಿಗಿಡವನ್ನೇ ಹಾಕದೆ ಮಾಡಿದ್ದು. ಇದರಲ್ಲಿ ಕಹಿ ಇಲ್ಲ.”

ಅರ್ಚಕರು ಕೇಳಬೇಕಾದ್ದನ್ನು ಕೇಳಿದರು: “ಹಾಗಾದ್ರೆ ನಮ್ಮ ಬಾಯಿಗೆ ಬಂದಿದ್ದು ಏನು?”

“ನಾನು ಲೋಟ ತುಟಿಗೆ ಇಡೋದಕ್ಕೆ ಮುಂಚೆಯೇ ನೀವೆಲ್ಲ ಕೂಗಿದ್ರಿ,” ಎಂದರು ಪಂಕಜಾಕ್ಷಮ್ಮನವರು. “ಆಗ್ಲೇ ಅಂದ್ಕೊಂಡೆ, ಇದು ನಂದಲ್ಲ ಅಂತ. ಬಾಯಲ್ಲಿ ಹಿಡ್ಕೊಂಡು ಕಾದೆ. ನಿಮ್ಮ ಕೂಗಾಟ ಪೂರ್ತಿ ನಿಲ್ತು, ನನ್ನ ಬಾಯಲ್ಲಿ ಅದಿನ್ನೂ ಹಾಗೇ ಇತ್ತು. ಅಂದ್ಮೇಲೆ ಅದರಲ್ಲಿ ಏನಿರುತ್ತೆ? ಈಗ ನೀವು ಹೇಳಿ. ನಿಮಗೆ ಬಂದ ಕಹಿ ನಾಲಿಗೆ ಮೇಲೆ ಕೂತಿತ್ತೋ, ಗಂಟಲಲ್ಲೋ?”

“ಗಂಟಲ ಬುಡದಲ್ಲಿ,” ಎಂದ ಕ್ಷೌರದ ಮುನಿಯಪ್ಪ. ಅವನ ಎರಡು ಕಣ್ಣೂ ಇನ್ನೂ ಅರ್ಧ ಮುಚ್ಚಿದ್ದವು. ಥಟ್ಟನೆ ತೆರೆದ. “ಅಮ್ಮ! ಅದು ಹಾಗಲಕಾಯಿ! ಹಸೀದು!”

“ಇವತ್ತು ಮಂಗಳವಾರ!” ಎಂದು ಚೀರಿದರು ಹೆಡ್ಮಿಸ್ಟ್ರೆಸ್.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಲೇ ಮುಂದಿನ ಸಾಲಿನ ನಡುವೆ ಅಧ್ಯಕ್ಷರಿಗೆಂದು ಹಾಕಿದ್ದ ಕುರ್ಚಿ ಖಾಲಿಯಿರುವುದು ಕಂಡದ್ದು. ಅದೇ ಹೊತ್ತಿಗೆ ಚಾವಡಿಯ ಹಿಂಬಾಗಿಲಿನಿಂದ ಹಾಲಪ್ಪಶೆಟ್ಟರು ಒಳಗೆ ಬಂದರು. ಕಂಕುಳಲ್ಲಿ ಒಂದು ಸ್ಟೀಲ್ ಬಾಟಲಿ.

“ಏನಾಯ್ತು? ಮುಗೀತಾ? ಎರಡನೇದು ಭಾರೀ ಕಹಿ ಅಲ್ವಾ?” ಎಂದರು.

“ಮೀಸೆ ಒರೆಸ್ಕೊಳ್ಳಿ ಶೆಟ್ರೆ,” ಎಂದರು ಪಂಕಜಾಕ್ಷಮ್ಮನವರು. “ಹಸಿರಾಗಿದೆ.”

ಶೆಟ್ಟರು ಮೀಸೆ ಮುಟ್ಟಿ ನೋಡಿಕೊಂಡರು. ಮುಟ್ಟಿದ ಕೂಡಲೇ ಎಲ್ಲ ಮುಗಿಯಿತು. ಬೆಂಚಿನ ಮೇಲೆ ಕುಸಿದು, “ಸಕ್ಕರೆ ಕಾಯಿಲೆ ಕಣ್ರಪ್ಪ. ಮುನ್ನೂರ ನಲವತ್ತು,” ಎಂದರು. “ಮೂರು ವರ್ಷ ಆಯ್ತು. ದಿನಾ ಗಡಿಕಲ್ಲಿನಾಚೆ ಹೋಗಿ ರಸ ಕುಡಿದು ಬರ್ತಿದ್ದೆ. ಇವತ್ತು ಈ ಏರ್ಪಾಟಿನಲ್ಲಿ ಹೋಗೋಕಾಗ್ಲಿಲ್ಲ. ಹೇಗಿದ್ರೂ ಆಯಮ್ಮ ಕುಡೀತಾರೆ, ಅದರ ಜೊತೆ ಇದೂ ಸೇರಿಹೋಗುತ್ತೆ, ಯಾರಿಗೆ ಗೊತ್ತಾಗುತ್ತೆ ಅಂತ... ಒಂದು ಕ್ಷಣ ಮುಂಚೆ ಆಗೋಯ್ತು.”

“ಹೇಳ್ಬಾರ್ದಿತ್ತಾ ಅಣ್ಣ?” ಎಂದ ಮುನಿಯಪ್ಪ.

“ಮಿಠಾಯಿ ಮಾರೋನಿಗೇ ಸಕ್ಕರೆ ಕಾಯಿಲೆ ಅಂತ ಗೊತ್ತಾದ್ರೆ ನನ್ನ ಲಾಡು ಯಾರು ಮುಟ್ತಾರೋ?”

ಪದ್ಧತಿ ಪದ್ಧತಿಯೇ. ಶೆಟ್ಟರು ಜಗಲಿಗೆ ಹೋಗಿ ನಿಂತು, ಪಂಚೆ ಸರಿಮಾಡಿಕೊಂಡು, “ಹಾಗಲಕಾಯಿ, ನಂದೇ!” ಎಂದು ಕೂಗಿದರು. ಬೀದಿಯ ಆ ತುದಿಯಿಂದ ಯಾರೋ “ಥೂ, ನಿಮ್ಮ!” ಎಂದರು. ಕ್ಷಮಿಸಿದಂತಾಯಿತು. ಪಂಕಜಾಕ್ಷಮ್ಮನವರು ಅಲ್ಲೇ ಅಪ್ಪಣೆ ಕೊಟ್ಟರು: ಶೆಟ್ಟರು ತಮ್ಮ ರಸವನ್ನು ನಾಳೆಯಿಂದ ಕಾಫಿ ಹೊತ್ತಿಗೇ, ಮನೆಯಲ್ಲೇ ಕುಡಿಯತಕ್ಕದ್ದು. ಅವತ್ತಿನಿಂದ ಊರಿನಲ್ಲಿ ಎಲ್ಲರೂ ಕಾಫಿಗೆ ಅರ್ಧ ಚಮಚ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತಿದ್ದಾರೆ. ಉಪಯೋಗವಿಲ್ಲ, ಕಹಿ ಶೆಟ್ಟರ ಲೋಟದ್ದು.

ಜನ ಪಂಕಜಾಕ್ಷಮ್ಮನವರನ್ನು ಮುತ್ತಿಕೊಂಡರು. ನಾಲ್ಕು ಸಾವಿರ ನಾಲಿಗೆ ಕಹಿ ಇದೆ ಅಂದಾಗ ಒಂದೇ ನಾಲಿಗೆ ಇಲ್ಲ ಅಂದಿತಲ್ಲ, ಎಂಥಾ ನಾಲಿಗೆ ಎಂದು ಕುಶಾಲಪ್ಪ ಕಣ್ಣೊರೆಸಿಕೊಂಡ. ಆಗ ಅವರು, ಬಾಯಲ್ಲಿ ನಾಲ್ಕು ನಿಮಿಷ ಹಿಡಿದಿಟ್ಟದ್ದರ ಪ್ರಭಾವವೋ, ಎರಡು ವರ್ಷ ಹಿಡಿದಿಟ್ಟದ್ದರ ಪ್ರಭಾವವೋ, ಕುರ್ಚಿಯ ಕೈ ಹಿಡಿದು ನಿಂತು ಹೇಳಿಬಿಟ್ಟರು.

“ನಂಗೆ ಎರಡು ವರ್ಷದಿಂದ ಕಹಿ ಗೊತ್ತಾಗಲ್ಲ ಕಣ್ರಪ್ಪ. ನಿಮ್ಮ ಆರೂ ಹತ್ತರ ಕಾಫಿನೂ ಬರಲ್ಲ. ನಾನು ನಿಮ್ಮೋಳಲ್ಲ.”

ಚಾವಡಿಗೆ ಚಾವಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ನಿಜವಾಗ್ಲೂ,” ಎಂದರು ಅವರು. ಇನ್ನಷ್ಟು ನಕ್ಕರು.

“ಎಂಥಾ ವಿನಯ ನೋಡಿ,” ಎಂದು ಹೆಡ್ಮಿಸ್ಟ್ರೆಸ್ ಗಲ್ಲ ನಡುಗಿಸಿದರು. “ಶೆಟ್ಟರನ್ನ ಸಮಾಧಾನ ಮಾಡೋಕೆ ಹೇಳ್ತಿದಾರೆ, ಪಾಪ.” ಅರ್ಚಕರು ಕೈ ಮುಗಿದರು. ಶೆಟ್ಟರೇ ಎದ್ದು ಬಂದು, “ಇನ್ನೂ ಇಪ್ಪತ್ತು ವರ್ಷ ನೀವೇ ಕೂರ್ಬೇಕು ತಾಯಿ,” ಎಂದರು. ಪಂಕಜಾಕ್ಷಮ್ಮನವರು ನನ್ನ ಕಡೆ ತಿರುಗಿ, “ನೀನಾದ್ರೂ ಹೇಳೋ ಸಿದ್ಧಯ್ಯ,” ಎಂದರು. “ನಿಜ,” ಎಂದೆ ನಾನು. ನನ್ನ ಮುಖ ನೋಡಿ ಜನ ಅದನ್ನೂ ತಮಾಷೆಯೆಂದೇ ತಿಳಿದರು.

ಎಲ್ಲರೂ ಹೋದ ಮೇಲೆ ಪತ್ರಕ್ಕೆ ಉತ್ತರ ಬರೆಯಲು ಕೂತೆವು. ಹೊಸ ಹಸಿರಿನ ಕಹಿ ಹೇಗಿದೆ ಎಂದು ಒಂದು ವಾಕ್ಯ ಬೇಕಾಗಿತ್ತು.

“ಹೇಗಿತ್ತು ಹೇಳು,” ಎಂದರು.

“ಚೆನ್ನಾಗಿತ್ತು ಅಮ್ಮ.”

“ಕರ್ಮ. ಬಾಟಲಿ ಮೇಲೆ ಚೆನ್ನಾಗಿತ್ತು ಅಂತ ಹಾಕಿಸ್ತೀಯಾ? ಸರಿಯಾಗಿ ನೆನಪು ಮಾಡ್ಕೊ.”

ನೆನಪು ಮಾಡಿಕೊಂಡೆ. ಬೇರೆಯವರ ಮಾತನ್ನೇ ಬರೆದವನಿಗೆ ತನ್ನ ಬಾಯಿಯನ್ನು ತಾನೇ ಹುಡುಕುವುದು ಕಷ್ಟವಾಯಿತು. “ಮೊದಲು ತಣ್ಣಗೆ, ಏನೂ ಇಲ್ಲ ಅನ್ನೋ ಹಾಗೆ. ಆಮೇಲೆ ನಾಲಿಗೆಯ ಎರಡೂ ಬದಿಯಿಂದ ಬಂತು. ಬೇವಿನ ಹಾಗೆ ಹೊಡೆಯಲಿಲ್ಲ. ದವನವನ್ನು ಬೆರಳಲ್ಲಿ ಹೊಸಕಿ, ಮರೆತು, ಅದೇ ಬೆರಳು ಬಾಯಿಗೆ ಹೋದ್ರೆ ಹೇಗೋ ಹಾಗೆ. ಹೋಗೋವಾಗ ಬಾಯಿ ಸ್ವಚ್ಛ ಮಾಡಿಟ್ಟು ಹೋಯ್ತು. ನಿಮ್ಮ ಬಾಯಿಂದ ಬರೋವಾಗ ಅಷ್ಟು ಸ್ಪಷ್ಟವಾಗಿ ಬಂತು ಅಮ್ಮ. ಶೆಟ್ಟರ ಹಾಗಲದ ಹಾಗೆ ಕಲಸುಮೇಲೋಗರ ಅಲ್ಲ.”

“ನನ್ನ ಬಾಯಿಂದ,” ಎಂದರು ಅವರು.

“ಮತ್ತೆ ಯಾರ ಬಾಯಿಂದ? ಊರಿಗೆಲ್ಲ ಬಂದಿದ್ದು ನೀವು ಕುಡಿದಿದ್ದೇ ಅಲ್ವಾ?”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಅದು ಅಷ್ಟೇನೂ ಕೊಳೆಯಾಗಿರಲಿಲ್ಲ. ಒರೆಸಿ, ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಬರ್ಕೊ. ದವನ ಹೊಸಕಿದ ಬೆರಳಿನ ಕಹಿ. ನಾಲಿಗೆಯ ಎರಡು ಬದಿಯಿಂದ ಬಂದು ಬಾಯಿ ಸ್ವಚ್ಛ ಮಾಡಿ ಹೋಗುತ್ತದೆ. ಹತ್ತಕ್ಕೆ ಎಂಟು.”

ಬರೆಯುತ್ತ ಬರೆಯುತ್ತ ನನಗೆ ಆ ಕಹಿ ಇನ್ನೊಮ್ಮೆ ನೆನಪಾಯಿತು. ಪರದೆಯ ಹಿಂದೆ ಗಾಬರಿಯಲ್ಲಿ ನಾನು ಸ್ವಲ್ಪ ಕಡಿಮೆ ತೋರಿಸಿದ್ದೆನೋ ಎನ್ನಿಸಿತು.

“ಎಂಟೂವರೆ ಆಗ್ಬೇಕು ಅಮ್ಮ,” ಎಂದೆ. “ಅರ್ಧ ಬೆರಳು ತೋರಿಸೋಕೆ ಬರ್ಲಿಲ್ಲ.”

ಪಂಕಜಾಕ್ಷಮ್ಮನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಕಹಿ ನೋಡೋಳು ನಾನೋ, ನೀನೋ?”

ನಾನು ಎಂಟು ಎಂದು ಬರೆದೆ.